ತಿಳಿದಿರುವ ಭಾಷೆಗಳು

ಅರ್ಜಿಯಲ್ಲಿ ‘ತಿಳಿದಿರುವ ಭಾಷೆಗಳು’ ಎಂದಿದ್ದ ಕಡೆ ತ್ರಿವೇಣಿ ಕನ್ನಡ, ಹಿಂದಿ, ಇಂಗ್ಲಿಷ್ ಎಂದು ಮೂರನ್ನೇ ಬರೆದು ಪೆನ್ನಿನ ಮುಚ್ಚಳ ಹಾಕಿದ್ದಳು. ಕೋಲಾರ ಜಿಲ್ಲೆಯಲ್ಲಿ ಇಪ್ಪತ್ತೆರಡು ವರ್ಷ ನರ್ಸ್ ಕೆಲಸ ಮಾಡಿದವಳು ತೆಲುಗು ಬರುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಡಾಕ್ಟರ್ ಸುನಂದ ನಂಬಲಿಲ್ಲ. ಕೆನ್ಯಾಕ್ಕೆ ಮೂರು ವಾರದ ಸೇವೆಗೆಂದು ಹೊರಟಿದ್ದ ಹನ್ನೊಂದು ಜನರ ವೈದ್ಯಕೀಯ ತಂಡಕ್ಕೆ ಅವರೇ ಮುಖ್ಯಸ್ಥೆ. ಬೆಂಗಳೂರಿನಿಂದ ಫೋನ್ ಮಾಡಿ, ಕೋಲಾರದವರು ನಿದ್ದೆಯಲ್ಲಿ ಬೈಯುವುದೂ ತೆಲುಗಿನಲ್ಲೇ ಅಂತಾರಲ್ರೀ ಎಂದು ನಕ್ಕು, ತಮ್ಮ ಕೈಯಾರೆ ನಾಲ್ಕನೆಯದನ್ನು ಸೇರಿಸಿಬಿಟ್ಟರು. ಸೇರಿಸಿ ಸುಮ್ಮನಾಗಿದ್ದರೆ ಆಗುತ್ತಿತ್ತು. ನಾಲ್ಕು ಭಾಷೆ ಬಲ್ಲವಳಿಗೆ ಐದನೆಯದು ಬೇಗ ನಾಲಿಗೆಗೆ ಹತ್ತುತ್ತದೆಂದು ಹೇಳಿ, ತ್ರಿವೇಣಿಯನ್ನು ಬಾಗಿಲ ಬಳಿಯ ಮೇಜಿಗೆ ಹಾಕಿದರು. ಬಂದವರ ಬಾಯಿಂದ ಮೊದಲ ಮಾತು ಕೇಳಿಸಿಕೊಂಡು, ಇವರು ಕಾಯಬಹುದು, ಇವರು ಕಾಯಬಾರದು ಎಂದು ಬೇರೆ ಮಾಡಿ ಒಳಗೆ ಕಳಿಸುವ ಕೆಲಸ ಅದು. ತ್ರಿವೇಣಿ ಆಗಲಿ ಮೇಡಂ ಎಂದಳು. ಫೋನ್ ಇಟ್ಟಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡಳು, ಬಂದು ಕೂತಳು, ಮತ್ತೆ ಎದ್ದು ಹೋಗಿ ತೊಳೆದುಕೊಂಡಳು. ಇದು ಆಗಿ ಇಪ್ಪತ್ತು ದಿನ. ಇವತ್ತು ಗುರುವಾರ, ಅವಳಿಗೆ ವಾರದ ರಜೆ, ವಿಮಾನ ಬರುವ ಭಾನುವಾರ. ಮಗಳು ಚಂದನ ಬೆಳಿಗ್ಗೆಯಿಂದ ಸೂಟ್‌ಕೇಸನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುವುದು, ಇಳಿಸುವುದು ಮಾಡುತ್ತಿದ್ದಳು. ರಾಗಿಹಿಟ್ಟು ಎರಡು ಕೆಜಿ ಯಾಕಮ್ಮಾ, ಅಲ್ಲಿನವರೇನು ಉಪವಾಸ ಕೆಡವುತ್ತಾರಾ ಎಂದು ರೇಗಿಸಿದಳು. ಗಂಡ ನರೇಶ್ ಮಧ್ಯಾಹ್ನದ ಪಾಳಿಗೆಂದು ಮಾಲೂರಿನ ಕಾರ್ಖಾನೆಗೆ ಹೊರಡುತ್ತಾ, ರಜೆಯ ದಿನ ಸೀರೆಯುಟ್ಟು ನಿಂತವಳನ್ನು ನೋಡಿ ಎಲ್ಲಿಗೆ ಎಂದು ಕೇಳಿದ. ಮುಳಬಾಗಿಲಿಗೆ, ಒಂದು ಕೆಲಸ ಇದೆ ಎಂದಳು. ಏನು ಕೆಲಸ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳೋ ಏನೋ. ಚಪ್ಪಲಿ ಮೆಟ್ಟುವಾಗ ಮನಸ್ಸಿನಲ್ಲಿ ಒಂದು ಮಾತನ್ನು ಮಾತ್ರ ಗಟ್ಟಿಮಾಡಿಕೊಂಡಿದ್ದಳು: ಆವಲಪ್ಪನಿಗೆ ಇದನ್ನು ಹೇಳದೆ ನಾನು ಆ ವಿಮಾನ ಹತ್ತುವುದಿಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಎಡತೋಳು ಇನ್ನೂ ನೋಯುತ್ತಿತ್ತು. ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡು ಎಂಟು ದಿನವಾಗಿತ್ತು. ಸಾವಿರಾರು ತೋಳುಗಳಿಗೆ ಚುಚ್ಚಿದವಳಿಗೆ ತನ್ನ ತೋಳಿಗೆ ಚುಚ್ಚಿಸಿಕೊಂಡಾಗ ಕಣ್ಣಲ್ಲಿ ನೀರು ಬಂದಿದ್ದು ನೋಡಿ ಅಲ್ಲಿದ್ದ ಹುಡುಗಿ ನಕ್ಕಿದ್ದಳು. ಚುಚ್ಚುಮದ್ದು. ಮದ್ದು. ಈ ಒಂದು ಪದ ಎತ್ತಲಿಂದ ಬಂದರೂ ಅವಳನ್ನು ಬಿಡುತ್ತಿರಲಿಲ್ಲ. ಕೈಚೀಲದಲ್ಲಿ ಸ್ವಾಹಿಲಿ ಪದಗಳ ಹಾಳೆಯಿತ್ತು, ಐವತ್ತು ಪದ. ಮಾಜಿ ಎಂದರೆ ನೀರಂತೆ. ನಮ್ಮಲ್ಲಿ ಮಾಜಿ ಎಂದರೆ ಸೋತ ಶಾಸಕ ಎಂದು ತಂಡದವರೆಲ್ಲ ನಕ್ಕಿದ್ದರು. ಪೋಲೆ ಎಂದರೆ ನಿಮಗೆ ಹೀಗಾಗಬಾರದಿತ್ತು ಎಂದು ಹೇಳುವ ಮಾತು. ಕಾಲಿಗೆ ಕಲ್ಲು ತಾಗಿದವರಿಗೂ ಹೇಳಬಹುದು, ಮಗು ಸತ್ತವರಿಗೂ ಹೇಳಬಹುದು. ದಾವಾ ಎಂದರೆ ಔಷಧಿ. ಇದನ್ನೆಲ್ಲ ಕಂಪ್ಯೂಟರಿನ ಪರದೆಯೊಳಗಿಂದ ಕಲಿಸಿದವಳು ಅಕಿನ್ಯಿ ಎಂಬ ಅಲ್ಲಿನ ನರ್ಸ್, ಹಲ್ಲುಗಳ ನಡುವೆ ಸಂದಿಯಿರುವ, ಸದಾ ನಗುವ ಹೆಂಗಸು. ಪಾಠ ಮುಗಿಯಿತು, ಪ್ರಶ್ನೆ ಇದ್ದರೆ ಕೇಳಿ ಅಂದಳು. ತ್ರಿವೇಣಿ ಕೈ ಎತ್ತಿ, ಹೊಲಕ್ಕೆ ಹುಳ ಸಾಯಲೆಂದು ಹೊಡೆಯುತ್ತಾರಲ್ಲ, ಅದಕ್ಕೆ ಏನು ಹೇಳುತ್ತೀರಿ ಎಂದು ಕೇಳಿದಳು. ಅಕಿನ್ಯಿ ಸ್ವಲ್ಪ ಯೋಚಿಸಿ, ಅದಕ್ಕೂ ದಾವಾ ಅನ್ನುತ್ತಾರೆ ಎಂದಳು. ಮತ್ತೆ, ಮಾಟ ಮಾಡಿ ಕೊಡುತ್ತಾರಲ್ಲ ಅದೂ ದಾವಾ ಎಂದು ನಕ್ಕಳು. ಹನ್ನೊಂದು ಜನರಲ್ಲಿ ಹತ್ತು ಜನ ನಕ್ಕರು.

ಬಸ್ಸು ಊರು ದಾಟಿ ಹೆದ್ದಾರಿಗೆ ಬಿತ್ತು. ರಸ್ತೆಯ ಪಕ್ಕ ಟೊಮೇಟೊ ತೋಟಗಳಲ್ಲಿ ನೆಟ್ಟ ಕಡ್ಡಿಗಳ ಸಾಲು ಹಿಂದೆ ಹಿಂದೆ ಓಡುತ್ತಿತ್ತು, ಒಂದು ತೋಟದ ನಡುವೆ ಬೆನ್ನಿಗೆ ಕ್ಯಾನು ಕಟ್ಟಿಕೊಂಡವನೊಬ್ಬ ಸೊಂಟದೆತ್ತರದ ಗಿಡಗಳ ಮಧ್ಯೆ ನಿಧಾನಕ್ಕೆ ನಡೆಯುತ್ತಿದ್ದ, ಬಾಯಿಗೆ ಬಟ್ಟೆಯಿಲ್ಲ, ಗಾಳಿ ಅವನ ಕಡೆಗೇ ಬೀಸುತ್ತಿತ್ತು, ಮಂದು ಕೊಟ್ಟಿ ವಚ್ಚಿನಾಡು ತಲ್ಲೀ ಎಂದು ತೆಲುಗಿನಲ್ಲಿ ಒಬ್ಬ ಮುದುಕಿ ಸೆರಗಿನಿಂದ ಮಗನ ಬಾಯಿ ಒರೆಸುತ್ತಾ ಹೇಳಿದ್ದಳು, ಮುಳಬಾಗಿಲಿನ ಆ ಖಾಸಗಿ ನರ್ಸಿಂಗ್ ಹೋಮಿನ ಉದ್ದದ ಕಾರಿಡಾರಿನಲ್ಲಿ, ಹನ್ನೊಂದು ವರ್ಷದ ಹಿಂದೆ, ಜನವರಿ ತಿಂಗಳ ಮಧ್ಯಾಹ್ನ. ಆಗ ತ್ರಿವೇಣಿ ಅಲ್ಲಿ ಕೆಲಸಕ್ಕಿದ್ದಳು. ಕಾರಿಡಾರಿನ ತುಂಬ ಜನ, ಒಬ್ಬರೇ ಡಾಕ್ಟರು, ಅವರು ಒಳಗೆ ಹೆರಿಗೆಯಲ್ಲಿದ್ದರು. ತ್ರಿವೇಣಿಯ ಹುಟ್ಟೂರು ಮಾಲೂರು ಕಡೆಯ ಲಕ್ಕೂರು. ಮನೆಯಲ್ಲಿ ಕನ್ನಡ. ಅವಳ ತೆಲುಗೆಲ್ಲ ಸಿನಿಮಾದ ತೆಲುಗು. ಹಾಸ್ಟೆಲಿನಲ್ಲಿ ಭಾನುವಾರ ಭಾನುವಾರ ಟಿವಿ ಮುಂದೆ ಕೂತು ಕಲಿತದ್ದು. ಆ ಸಿನಿಮಾಗಳಲ್ಲಿ ಸ್ನೇಹಿತರು ಹೆಗಲ ಮೇಲೆ ಕೈ ಹಾಕಿಕೊಂಡು ಮಂದು ಕೊಡದಾಮಾ ಎನ್ನುತ್ತಿದ್ದರು, ಮುಂದಿನ ದೃಶ್ಯದಲ್ಲಿ ಬಾಟಲಿ ಇರುತ್ತಿತ್ತು. ಮಂದು ಕೊಟ್ಟಿ ಬಂದಿದ್ದಾನೆ ಎಂದರೆ ಎಣ್ಣೆ ಹೊಡೆದು ಬಂದಿದ್ದಾನೆ. ಅದಕ್ಕೆ ಸರಿಯಾಗಿ ಹುಡುಗ ತೂರಾಡುತ್ತಿದ್ದ, ಜೊಲ್ಲು ಸುರಿಯುತ್ತಿತ್ತು, ಮೈಯೆಲ್ಲ ಬೆವರು, ಬಾಗಿಲಲ್ಲೇ ವಾಂತಿ ಮಾಡಿಕೊಂಡಿದ್ದ. ಏನೋ ವಾಸನೆಯಿತ್ತು, ಸೀಮೆಎಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿದಂಥ ವಾಸನೆ, ಯಾವುದೋ ಅಗ್ಗದ ಮಾಲು ಕುಡಿದಿದ್ದಾನೆ ಎಂದುಕೊಂಡಳು. ಮುದುಕಿ ಹೇಳಿದ್ದನ್ನು ಒಂದು ಕ್ಷಣ ತನ್ನ ಕನ್ನಡದಲ್ಲೇ ಹೊರಳಿಸಿ ನೋಡಿದ್ದರೂ ಸಾಕಿತ್ತು. ಮಂದು ಎಂದರೆ ಮದ್ದೂ ಹೌದು, ಔಷಧಿ ಹೊಡೆದು ಬಂದಿದ್ದಾನೆ ಎಂದರೆ ಲಕ್ಕೂರಿನ ಎಳೆಮಗುವಿಗೂ ತಿಳಿಯುತ್ತದೆ. ಮಾವು ಹೂ ಬಿಟ್ಟ ಕಾಲ, ಜಿಗಿಹುಳಕ್ಕೆ ಔಷಧಿ ಹೊಡೆಯುವ ಕಾಲ; ಮಾವಿನ ಮರಕ್ಕೆ ಕತ್ತೆತ್ತಿ ಮೇಲಕ್ಕೆ ಹೊಡೆಯಬೇಕು, ಗಾಳಿ ತಿರುಗಿದರೆ ಅರ್ಧ ಹೊಡೆದವನ ಮುಖದ ಮೇಲೇ ಬೀಳುತ್ತದೆ. ಎಲ್ಲ ಗೊತ್ತಿತ್ತು. ಗೊತ್ತಿದ್ದದ್ದು ಆ ಹೊತ್ತಿಗೆ ಬರಲಿಲ್ಲ. ಹಗಲು ಹೊತ್ತೇ ಕುಡಿದು ಬಂದಿದ್ದಾನೆ, ಆ ಕಡೆ ಬೆಂಚಿನ ಮೇಲೆ ಮಲಗಿಸಿ, ನಿಂಬೆಹಣ್ಣಿನ ನೀರು ಕೊಡಿ ಎಂದು ಆಯಾಗೆ ಕೂಗಿ ಹೇಳಿದ್ದಳು. ಮುದುಕಿಗೂ ಎರಡು ಮಾತು ಅಂದಿದ್ದಳು, ಮಗನನ್ನು ಹೀಗೆ ಬೆಳೆಸಿದ್ದೀರಲ್ಲ ಎಂದು. ಕೂಗಿದ್ದು ಇಡೀ ಕಾರಿಡಾರಿಗೆ ಕೇಳಿತ್ತು. ಕೇಳಲೆಂದೇ ಕೂಗಿದ್ದಳೇನೋ ಎಂದು ಈಗ ಬಸ್ಸಿನಲ್ಲಿ ಅನ್ನಿಸಿತು.

ನಲವತ್ತು ನಿಮಿಷ. ಡಾಕ್ಟರು ಹೆರಿಗೆ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದವರು ಬೆಂಚಿನ ಬಳಿ ನಿಂತರು, ಹುಡುಗನ ರೆಪ್ಪೆ ಎತ್ತಿ ನೋಡಿದರು. ಕಣ್ಣಪಾಪೆ ಸೂಜಿಮೊನೆಯಷ್ಟಾಗಿತ್ತು, ಹೊಡೆದ ಔಷಧಿ ಮೈಗೇರಿದ ಗುರುತು. ಆಮೇಲಿನದೆಲ್ಲ ಓಟ. ಸೂಜಿಯ ಮೇಲೆ ಸೂಜಿ, ಆಂಬುಲೆನ್ಸು, ಕೋಲಾರ, ಆರು ದಿನ ಉಸಿರಾಟದ ಯಂತ್ರ. ಬದುಕಿದ. ಬದುಕಿ ಮನೆಗೆ ಹೋದವನಿಗೆ ಮೂರನೆಯ ವಾರದಲ್ಲಿ ಪಾದಗಳು ಸೋಲತೊಡಗಿದವು, ಎಡಪಾದ ಕೊನೆಗೂ ಎತ್ತಲು ಬರಲೇ ಇಲ್ಲ. ಸೂಜಿ ಬೇಗ ಕೊಟ್ಟಿದ್ದರೂ ಇದು ಬರಬಹುದಿತ್ತು, ಹುಳಕ್ಕೆ ಹೊಡೆಯುವ ಈ ಔಷಧಿಗಳ ಗುಣವೇ ಹಾಗೆ ಎಂದು ಡಾಕ್ಟರು ಹೇಳಿದರು. ಬರದೆಯೂ ಇರಬಹುದಿತ್ತಲ್ಲ ಎಂದು ತ್ರಿವೇಣಿ ಕೇಳಲಿಲ್ಲ. ಅವಳನ್ನೂ ಯಾರೂ ಏನೂ ಕೇಳಲಿಲ್ಲ. ಆ ಮುದುಕಿ ಮುತ್ಯಾಲಮ್ಮ, ಡಿಸ್ಚಾರ್ಜ್ ಆದ ಮೇಲೆ ಬಂದು ಒಂದು ಬುಟ್ಟಿ ಸೀಬೆಹಣ್ಣು ಕೊಟ್ಟು ಹೋಗಿದ್ದಳು. ತ್ರಿವೇಣಿ ಆ ಹಣ್ಣನ್ನು ಆಯಾಗೆ ದಾಟಿಸಿದ್ದಳು. ಮುಂದಿನ ತಿಂಗಳೇ ಕೋಲಾರದಲ್ಲಿ ಬೇರೆ ಕೆಲಸ ಹಿಡಿದಳು. ಅಲ್ಲಿ ಅವಳಷ್ಟು ತಾಳ್ಮೆಯ ನರ್ಸ್ ಇನ್ನೊಬ್ಬಳಿಲ್ಲ ಎಂದು ಹೆಸರಾಯಿತು. ಕುಡಿದು ಬಂದವರನ್ನೂ ಅವಳು ಬೈಯುವುದಿಲ್ಲ, ಎರಡು ಸಲ ಕಣ್ಣು ನೋಡುತ್ತಾಳೆ ಎಂದು ಹೊಸ ಹುಡುಗಿಯರು ಮಾತಾಡಿಕೊಳ್ಳುತ್ತಿದ್ದರು. ಒಮ್ಮೆ ಮುಳಬಾಗಿಲು ಬಸ್‌ಸ್ಟ್ಯಾಂಡಿನಲ್ಲಿ ಆ ಹುಡುಗ, ಆವಲಪ್ಪ, ಕಂಡಿದ್ದ, ಎಡಗಾಲನ್ನು ಮಂಡಿಯವರೆಗೆ ಎತ್ತಿ ಎತ್ತಿ ಇಡುತ್ತಾ ಬರುತ್ತಿದ್ದ. ತ್ರಿವೇಣಿ ಹಣ್ಣಿನ ಗಾಡಿಯ ಹಿಂದೆ ಸರಿದು, ಬೇಡದ ದಾಳಿಂಬೆಯ ಬೆಲೆ ಕೇಳುತ್ತಾ ನಿಂತಿದ್ದಳು. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ, ಅವಳೇ ಹೆಗಲು ಮುಟ್ಟಿ ನೋಡಿಕೊಂಡಿದ್ದಳು.

ಕೆನ್ಯಾದ ಆಸೆ ಎಲ್ಲಿಂದ ಹುಟ್ಟಿತು ಎಂದು ತನ್ನನ್ನೇ ಕೇಳಿಕೊಂಡರೆ ಅವಳಿಗೆ ಸರಿಯಾದ ಉತ್ತರ ಸಿಗುತ್ತಿರಲಿಲ್ಲ. ಸೇವೆ ಎಂಬ ಮಾತು ಕೇಳಿದರೆ ಅವಳಿಗೆ ತನ್ನ ಮೇಲೆಯೇ ಅನುಮಾನ. ನಲವತ್ತು ನಿಮಿಷಕ್ಕೆ ಮೂರು ವಾರ ಕೊಟ್ಟು ಕೈತೊಳೆದುಕೊಳ್ಳುವ ಲೆಕ್ಕವೇ ಇದು? ಸಮುದ್ರದಾಚೆ ಹೋಗಿ ಗುರುತಿಲ್ಲದವರ ಕಾಲು ಒತ್ತುವುದು ಸುಲಭ. ಮುಳಬಾಗಿಲು ಮನೆಯಿಂದ ಮೂವತ್ತು ಕಿಲೋಮೀಟರು, ಹನ್ನೊಂದು ವರ್ಷದಲ್ಲಿ ಅಲ್ಲಿಗೆ ಹೋಗಲು ಒಂದು ರಜೆ ಸಿಗಲಿಲ್ಲ. ದಾವಾ ಪಾಠವಾದ ಮರುದಿನ ಡಾಕ್ಟರ್ ಸುನಂದರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು, ನನ್ನನ್ನು ಬಾಗಿಲ ಮೇಜಿಗೆ ಹಾಕಬೇಡಿ ಎಂದಳು. ಅವರು ಪೂರ್ತಿ ಕೇಳಿಸಿಕೊಂಡರು. ಇಂಥದ್ದು ಇಲ್ಲದ ನರ್ಸೂ ಇಲ್ಲ ಡಾಕ್ಟರೂ ಇಲ್ಲ, ಅದನ್ನು ಅಲ್ಲೇ ಬಿಡಿ, ಅದೇ ಮೇಜಿನಲ್ಲಿ ಕೂತು ಮೂರು ಸಲ ಕೇಳಿ ಎಂದರು. ಒಳ್ಳೆಯ ಮಾತು. ಆದರೆ ಫೋನಿನ ಈ ಕಡೆ ತ್ರಿವೇಣಿಗೆ ಹೇಳಿಯೂ ಹೇಳಲಿಲ್ಲವೆನ್ನಿಸಿತು. ಹೇಳಬೇಕಾದವರ ಹೊರತು ಉಳಿದವರಿಗೆಲ್ಲ ಹೇಳಿದರೆ ಅದು ಹೊರೆ ಇಳಿಸಿದಂತಲ್ಲ, ಹೆಗಲು ಬದಲಿಸಿದಂತೆ. ಅವತ್ತೇ ರಜೆಯ ದಿನ ನೋಡಿಕೊಂಡಳು.

ಮುಳಬಾಗಿಲಿನಲ್ಲಿ ಇಳಿದು ಬೈರಕೂರಿನ ಕಡೆಗೆ ಹೋಗುವ ಆಟೊ ಹತ್ತಿದಳು. ಆಟೊದವನು ಲತೀಫ್, ಐವತ್ತು ದಾಟಿದ, ಗಡ್ಡಕ್ಕೆ ಮೆಹಂದಿ ಹಾಕಿದ ಮನುಷ್ಯ. ಮುಂದೆ ಕೂತವರ ಜೊತೆ ದಖನಿ ಉರ್ದು, ಹಿಂದೆ ಕೂತವರ ಜೊತೆ ತೆಲುಗು, ತ್ರಿವೇಣಿಯ ಜೊತೆ ಕನ್ನಡ, ಮೂರಕ್ಕೂ ಒಂದೇ ರಾಗ. ಬೈರಕೂರಿನಲ್ಲಿ ಉಳಿದವರೆಲ್ಲ ಇಳಿದರು. ಅವಳಿಗೆ ಅಲ್ಲಿಂದ ಎರಡು ಮೈಲಿ ಮುಂದಿನ ಊರಿಗೆ ಹೋಗಬೇಕಿತ್ತು. ನರ್ಸಿಂಗ್ ಹೋಮಿನ ಹಳೆಯ ನೋಂದಣಿಯಲ್ಲಿ ಕಂಡ ಊರಿನ ಹೆಸರು ಅವಳಿಗೆ ಇನ್ನೂ ಬಾಯಿಪಾಠವಿತ್ತು. ಆವಲಪ್ಪ ಅನ್ನೋರ ಮನೆ ಗೊತ್ತಾ ಎಂದು ಕೇಳಿದಳು. ಅಲ್ಲಿ ನಾಲ್ಕು ಜನ ಆವಲಪ್ಪ ಇದ್ದಾರೆ, ಯಾವ ಆವಲಪ್ಪ ಎಂದ ಲತೀಫ್. ಕಾಲು ಸ್ವಲ್ಪ ಎಳೆಯುತ್ತೆ ಎಂದು ತ್ರಿವೇಣಿ ಹೇಳಿದಳು.

"ಓ, ಮಂದು ಆವಲಪ್ಪನಾ? ಹಂಗಂತ ಹೇಳ್ಬೇಕಲ್ಲ ಮೇಡಂ."

ಹೇಳುತ್ತಾ ಅವನು ಹ್ಯಾಂಡಲಿನಿಂದ ಒಂದು ಕೈ ಬಿಟ್ಟು ಹೆಬ್ಬೆರಳನ್ನು ಬಾಯಿಯ ಕಡೆಗೆ ಎತ್ತಿ ತೋರಿಸಿದ. ಕುಡಿಯುತ್ತಾರಾ ಅವರು ಎಂದು ಕೇಳಿದಳು. ನಾನಂತೂ ಕಂಡಿಲ್ಲ ಮೇಡಂ, ಒಳ್ಳೆ ಕೆಲಸಗಾರ, ಆದರೆ ಹೆಸರು ಹಾಗೆ ಬಿದ್ದುಹೋಗಿದೆ ಎಂದ ಅವನು. ಹಿಂದೆ ಯಾವಾಗಲೋ ಕುಡಿದ ಮತ್ತಿನಲ್ಲಿ ಔಷಧಿ ಕ್ಯಾನನ್ನು ಮೈಮೇಲೆ ಚೆಲ್ಲಿಕೊಂಡು ಸಾಯಲು ಹೊರಟಿದ್ದನಂತೆ. ಶ್ರೀನಿವಾಸಪುರದ ಕಡೆಯ ಹೆಣ್ಣು ಗೊತ್ತಾಗಿತ್ತು, ತಾಂಬೂಲ ಬದಲಾಯಿಸಿದ್ದರು. ಹೆಣ್ಣಿನವರು ಕುಡುಕನಿಗೆ ಕೊಡುವುದಿಲ್ಲವೆಂದು ಬಿಟ್ಟರಂತೆ. ಆಸ್ಪತ್ರೆಯ ನರ್ಸಮ್ಮನೇ ಎಲ್ಲರೆದುರು ಹೇಳಿದಳಂತಲ್ಲ ಮೇಡಂ, ಊರಿನವರು ಇಬ್ಬರು ಅಲ್ಲೇ ಕೂತು ಕೇಳಿಸಿಕೊಂಡು ಬಂದರಂತೆ. ಇಷ್ಟು ಹೇಳಿ ಲತೀಫ್ ಒಂದು ಗುಂಡಿ ತಪ್ಪಿಸಿದ. ತ್ರಿವೇಣಿ ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹನ್ನೊಂದು ವರ್ಷ ಅವಳು ಆ ಪಾದವನ್ನೇ ನೋಡುತ್ತಿದ್ದಳು. ಕನಸಿನಲ್ಲಿ ಬಂದರೆ ಪಾದ, ವಾರ್ಡಿನಲ್ಲಿ ಯಾರಾದರೂ ಕಾಲೆಳೆದು ನಡೆದರೆ ಆ ಪಾದ. ಪಾದಕ್ಕೆ ಡಾಕ್ಟರು ‘ಬರಬಹುದಿತ್ತು’ ಎಂಬ ಒಂದು ಮಾತು ಕೊಟ್ಟಿದ್ದರು, ಅದನ್ನು ಹಿಡಿದುಕೊಂಡು ಅವಳು ಇಷ್ಟು ದೂರ ಬಂದಿದ್ದಳು. ಈ ಹೆಸರಿಗೆ ಅಂಥ ಯಾವ ‘ಬಹುದಿತ್ತೂ’ ಇರಲಿಲ್ಲ. ಇದು ಪೂರ್ತಿ ಅವಳ ಬಾಯಿಂದ ಬಿದ್ದದ್ದು. ಊರು ಬಂದಾಗ, ಇಳಿಯದೆ ಅದೇ ಆಟೊದಲ್ಲಿ ತಿರುಗಿ ಹೋಗಿಬಿಡಬಹುದು ಎಂಬ ಯೋಚನೆ ಬಂತು, ಬಂದದ್ದನ್ನು ದಿಟ್ಟಿಸಿ ನೋಡಿದಳು, ಹೋಗಲಿಲ್ಲ. ಕಾಯಬೇಕಾ ಮೇಡಂ ಎಂದು ಲತೀಫ್ ಕೇಳಿದ. ಬೇಡ, ತಡವಾಗುತ್ತೆ ಎಂದು ಕಳಿಸಿದಳು.

ಆವಲಪ್ಪ ಮನೆಯ ಹಿಂದಿನ ನೆರಳುಪರದೆಯ ಕೆಳಗೆ ಗೋಣಿಚೀಲದ ಮೇಲೆ ಕೂತು ಮಾವಿನ ಸಸಿಗಳಿಗೆ ಕಸಿ ಕಟ್ಟುತ್ತಿದ್ದ. ಕೂತು ಮಾಡುವ ಕೆಲಸ. ಸುತ್ತ ಕಪ್ಪು ಚೀಲಗಳಲ್ಲಿ ನೂರಾರು ಸಸಿ. ಅವನು ನಾಟಿ ಸಸಿಯ ತಲೆ ಹಾರಿಸಿ, ಸೀಳಿ, ಒಳ್ಳೆ ಜಾತಿಯ ಕಡ್ಡಿಯನ್ನು ಬೆಣೆಯಂತೆ ಹೆರೆದು ಆ ಸೀಳಿನೊಳಗೆ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಿದ್ದ, ಕಣ್ಣಿಂದ ನೋಡದೆ, ಬೆರಳಿನಿಂದಲೇ. ಸಸಿ ಬೇಕಾ ಮೇಡಂ ಎಂದು ಕೇಳಿದ. ಗುರುತು ಸಿಗಲಿಲ್ಲ. ಅವಳಿಗೂ ಈ ಗಟ್ಟಿಮುಟ್ಟಾದ, ಕಿವಿಯ ಪಕ್ಕ ನರೆ ಕಾಣಿಸಿಕೊಂಡ ಮನುಷ್ಯನಲ್ಲಿ ಬೆಂಚಿನ ಮೇಲಿನ ಆ ಹುಡುಗ ಕಾಣಲಿಲ್ಲ. ಬಸ್ಸಿನಲ್ಲಿ ಹತ್ತು ಸಲ ಜೋಡಿಸಿಕೊಂಡ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಅವನ ಎದುರು ನೆಲದ ಮೇಲೆಯೇ ಕೂತಳು. ಸೀರೆಗೆ ಮಣ್ಣಾಗುತ್ತೆ ಎಂದು ಅವನು ಇನ್ನೊಂದು ಗೋಣಿ ಎಳೆದು ಕೊಟ್ಟ. ಅದರ ಮೇಲೆ ಸರಿದು ಕೂತು ಅವಳು ಹೇಳಿದಳು, ನಾನು ಆ ನರ್ಸಿಂಗ್ ಹೋಮಿನಲ್ಲಿದ್ದ ನರ್ಸು, ನಿಮ್ಮಮ್ಮ ಮಂದು ಕೊಟ್ಟಿ ಎಂದದ್ದನ್ನು ತಪ್ಪು ತಿಳಿದುಕೊಂಡವಳು ನಾನು, ಕುಡಿದಿದ್ದಾನೆ ಎಂದು ಕೂಗಿದವಳು ನಾನು, ನಲವತ್ತು ನಿಮಿಷ ನಿಮ್ಮನ್ನು ಬೆಂಚಿನ ಮೇಲೆ ಬಿಟ್ಟವಳು ನಾನು. ಕ್ಷಮಿಸಿ ಎಂಬ ಮಾತನ್ನು ಹೇಳಬಾರದೆಂದು ನಿರ್ಧರಿಸಿಕೊಂಡು ಬಂದಿದ್ದಳು. ಅದನ್ನು ಹೇಳಿದರೆ ಅವನು ಏನಾದರೂ ಕೊಡಬೇಕಾಗುತ್ತದೆ ಎಂದು. ಹೇಳಲಿಲ್ಲ.

ಅವನ ಕೈ ಒಂದು ಸುತ್ತು ಮುಗಿಯುವವರೆಗೂ ನಿಲ್ಲಲಿಲ್ಲ. ಗಂಟು ಹಾಕಿ, ಸಸಿಯನ್ನು ಪಕ್ಕಕ್ಕಿಟ್ಟು, ಚಾಕುವನ್ನು ಪಂಚೆಯ ಅಂಚಿಗೆ ಒರೆಸಿ ಕೆಳಗಿಟ್ಟ. ಕೋಪ ಬರುತ್ತದೆಂದು ತ್ರಿವೇಣಿ ಕಾದಳು. ಬಂದಿದ್ದರೆ ಹಿತವಾಗುತ್ತಿತ್ತು. ಅವನು ಅವಳ ಮುಖವನ್ನು, ಯಾವುದೋ ಸಾಮಾನು ಇಷ್ಟೇನಾ ಎಂದು ನೋಡುವವನಂತೆ ನೋಡಿದ. ನಾನು ಇವತ್ತಿಗೂ ಒಂದು ಹನಿ ಮುಟ್ಟಿಲ್ಲ ಅಕ್ಕಾ ಎಂದ. ನಮ್ಮಪ್ಪ ಕುಡಿದು ಕುಡಿದೇ ಸತ್ತವನು, ಅದಕ್ಕೇ ಮುಟ್ಟಿಲ್ಲ. ತ್ರಿವೇಣಿ, ಸಾಯಂಕಾಲ ಡೇರಿ ಹತ್ತಿರ ಹಾಲು ಹಾಕಲು ಊರೆಲ್ಲ ಸೇರುತ್ತದಲ್ಲ, ಅಲ್ಲಿಗೆ ಬಂದು ಎಲ್ಲರೆದುರು ಹೇಳುತ್ತೇನೆ, ಎಷ್ಟು ಜೋರಾಗಿ ಕೂಗಿದ್ದೆನೋ ಅಷ್ಟೇ ಜೋರಾಗಿ ಹೇಳುತ್ತೇನೆ ಎಂದಳು. ಹೇಳಿದ್ದು ಬಾಯಿಮಾತಿಗಲ್ಲ, ಆಗಲೇ ಎದ್ದು ಹೊರಡಲು ಸಿದ್ಧಳಿದ್ದಳು. ಅವನು ತಲೆ ಆಡಿಸಿದ. ಊರಿನವರಿಗೆ ಹೆಸರು ಅಭ್ಯಾಸವಾಗಿದೆ, ಯಾಕೆ ಬಿತ್ತು ಅನ್ನುವುದು ಅರ್ಧ ಜನಕ್ಕೆ ಮರೆತೂ ಹೋಗಿದೆ, ಇನ್ನು ನೀವು ಹೋಗಿ ನೆನಪು ಮಾಡುವುದು ಬೇಡ ಎಂದ. ಆಮೇಲೆ ದನಿ ತಗ್ಗಿಸಿ, ಮನೆಯ ಕಡೆಗೆ ಒಮ್ಮೆ ನೋಡಿ ಹೇಳಿದ:

"ನಮ್ಮಮ್ಮಂಗೆ ಹೇಳಿ ಅಕ್ಕಾ. ದಿನಾ ಸಾಯಂಕಾಲ ನಾನು ಮನೆ ಒಳಗೆ ಕಾಲಿಟ್ಟರೆ, ಕಣ್ಣಲ್ಲಿ ಏನೋ ಬಿತ್ತು ಊದೋ ಅಂತಾಳೆ. ಊದ್ತೀನಿ. ಬಾಯಿ ಮೂಸ್ತಾಳೆ ಅಂತ ನಂಗೊತ್ತು. ನಂಗೊತ್ತು ಅಂತ ಅವಳಿಗೂ ಗೊತ್ತು. ಹನ್ನೊಂದು ವರ್ಷ ಆಯ್ತು, ಒಂದು ದಿನಾನೂ ಬಿಟ್ಟಿಲ್ಲ."

ತ್ರಿವೇಣಿಗೆ ತಿಳಿಯಲಿಲ್ಲ. ಅಮ್ಮನೇ ಅಲ್ಲವಾ ಮಂದು ಕೊಟ್ಟಿ ಬಂದ ಎಂದು ನನಗೆ ಹೇಳಿದ್ದು, ನೀವು ತೋಟದಿಂದ ಬಂದದ್ದು ಅವರಿಗೆ ಗೊತ್ತಿತ್ತಲ್ಲ ಎಂದು ಕೇಳಿದಳು. ಗೊತ್ತಿತ್ತು ಎಂದ ಆವಲಪ್ಪ. ತೋಟಕ್ಕೆ ಹೋಗಿದ್ದು ಗೊತ್ತಿತ್ತು, ತೋಟದಲ್ಲಿ ಏನು ಮಾಡಿದೆ ಅಂತ ನೋಡಿರಲಿಲ್ಲ. ನೀವು ಅಷ್ಟು ಖಂಡಿತವಾಗಿ ಹೇಳಿದಿರಿ. ಅವಳು ನಮ್ಮಪ್ಪನನ್ನು ಕಂಡವಳು.

ಮನೆಯ ಮುಂದಿನ ಜಗಲಿಯ ಮೇಲೆ ಮುತ್ಯಾಲಮ್ಮ ಮೊರದಲ್ಲಿ ಅಲಸಂದೆ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಸೀಬೆಹಣ್ಣಿನ ಬುಟ್ಟಿ ಹೊತ್ತು ಬಂದಾಗ ಇದ್ದ ಮೈ ಈಗ ಅರ್ಧಕ್ಕೆ ಇಳಿದಿತ್ತು. ಮಗ ಎಡಗಾಲನ್ನು ಎತ್ತಿಡುತ್ತಾ ಜಗಲಿಯ ಬಳಿ ಬಂದದ್ದೇ ಅವಳು ಮೊರ ಕೆಳಗಿಟ್ಟು, ಸೆರಗಿನ ತುದಿಯಿಂದ ಒಂದು ಕಣ್ಣನ್ನು ಉಜ್ಜಿಕೊಂಡು, ಏಮೋ ಪಡಿಂದಿರಾ, ಏನೋ ಬಿತ್ತು ಕಣೋ, ಎಂದಳು. ಇನ್ನೂ ನಾಲ್ಕು ಗಂಟೆ, ಬಿಸಿಲಿತ್ತು, ಪಕ್ಕದಲ್ಲಿ ಗುರುತಿಲ್ಲದ ಹೆಂಗಸು ನಿಂತಿದ್ದಳು. ಆವಲಪ್ಪ ಬಗ್ಗಿ, ತಾಯಿಯ ರೆಪ್ಪೆಯನ್ನು ಎರಡು ಬೆರಳಿನಿಂದ ಬಿಡಿಸಿ, ದೊಡ್ಡದಾಗಿ ಬಾಯಿ ತೆರೆದು ಊದಿದ. ತ್ರಿವೇಣಿ ಬೇರೆಲ್ಲೂ ನೋಡಲಿಲ್ಲ. ಅವಳು ನೋಡಲೆಂದೇ ಬಂದವಳು. ಕಣ್ಣು ತಪ್ಪಿಸಿದರೆ ಮತ್ತೆ ಆ ಹಣ್ಣಿನ ಗಾಡಿಯ ಹಿಂದೆಯೇ ನಿಂತಂತೆ ಎಂದುಕೊಂಡು ಪೂರ್ತಿ ನೋಡಿದಳು. ಮುದುಕಿಯ ಮೂಗಿನ ಹೊಳ್ಳೆಗಳು ಒಮ್ಮೆ ಅಗಲವಾಗಿ ಮತ್ತೆ ಸಣ್ಣಗಾದವು. ಸರಿಹೋಯಿತು ಎಂದು ಮೊರವನ್ನು ತೊಡೆಗೆ ಎಳೆದುಕೊಂಡಳು.

ತ್ರಿವೇಣಿ ಜಗಲಿಯ ಕೆಳಗೆ ನಿಂತು ಅವ್ವಾ ಎಂದಳು. ಕನ್ನಡದಲ್ಲಿ ಹೇಳಿ, ಅವಳಿಗೆ ತಿಳಿಯುತ್ತೆ ಎಂದು ಆವಲಪ್ಪ ಪಿಸುಗುಟ್ಟಿದ. ಬೇಡ ಎಂದಳು. ಕನ್ನಡದಲ್ಲಿ ಅವಳು ಒಮ್ಮೆ ಹೇಳಿಯಾಗಿತ್ತು, ಇಡೀ ಕಾರಿಡಾರಿಗೆ. ಮಾತು ಹಾದಿ ತಪ್ಪಿದ್ದ ಭಾಷೆಯಲ್ಲೇ ಹೇಳಬೇಕಿತ್ತು. ತಾನು ಯಾರು ಎಂದು ಹೇಳಿಕೊಂಡಳು. ಮುದುಕಿ ಮುಖವೆತ್ತಿ, ನೆನಪು ಹಿಡಿದು, ಆಸ್ಪತ್ರೆಯವರಿಗೆ ಕೊಡುವ ಮರ್ಯಾದೆಗೆಂದು ಎದ್ದು ನಿಲ್ಲಲು ಹೋದಳು. ತ್ರಿವೇಣಿ ಅವಳ ಮೊಣಕೈ ಹಿಡಿದು ಕೂರಿಸಿದಳು. ಆ ಮರ್ಯಾದೆಯೇ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ನಿಂತುಕೊಂಡೇ, ಒಂದೊಂದು ಪದವನ್ನು ಕೈಯಲ್ಲಿ ಹಿಡಿದು ಎಣಿಸುವವಳಂತೆ ಹೇಳಿದಳು. ಆ ಪೊದ್ದು ನೀ ಕೊಡುಕು ತಗಲ್ಲೇದು. ಚೆಟ್ಲಕಿ ಮಂದು ಕೊಟ್ಟಿ ವಚ್ಚಿಂಡೆ. ನೇನೇ ತಪ್ಪುಗಾ ಅನುಕೊಂಟಿ. ಆವತ್ತು ನಿನ್ನ ಮಗ ಕುಡಿದಿರಲಿಲ್ಲ, ಮರಗಳಿಗೆ ಔಷಧಿ ಹೊಡೆದು ಬಂದಿದ್ದ, ತಪ್ಪು ತಿಳಿದವಳು ನಾನು.

ಅಲಸಂದೆ ಆರಿಸುತ್ತಿದ್ದ ಬೆರಳು ನಿಂತಿತು. ಹಿತ್ತಲಲ್ಲಿ ಹಸು ಹಗ್ಗ ಎಳೆಯುತ್ತಿತ್ತು. ತಾಗಲೇದು ಎಂದಳು ಮುದುಕಿ ಕೊನೆಗೆ. ತ್ರಿವೇಣಿಗೆ ಅರ್ಥವಾಗಲಿಲ್ಲ. ತಗಲ್ಲೇದು ಎಂದರೆ ತಗುಲಲಿಲ್ಲ ಎಂದಾಗುತ್ತದೆ ತಾಯೀ, ಕುಡಿಯಲಿಲ್ಲ ಅನ್ನೋದಕ್ಕೆ ತಾಗಲೇದು ಅನ್ನಬೇಕು ಎಂದು ಆವಲಪ್ಪನ ತಾಯಿ ನಿಧಾನವಾಗಿ, ಬೈಯದೆ, ತಿದ್ದಿ ಹೇಳಿದಳು. ಮಗನ ಕಡೆ ನೋಡಲಿಲ್ಲ. ತನ್ನ ಎರಡು ಅಂಗೈಗಳನ್ನು ನೋಡಿಕೊಂಡಳು.

"ನೇನೇ ಕದಾ ಚೆಪ್ಪಿಂಡೇದಿ, ಮಂದು ಕೊಟ್ಟಿ ವಚ್ಚಿನಾಡು ಅನಿ. ನಾ ನೋಟಿ ಮಾಟ ನೇನೇ ನಮ್ಮಲೇದೇ ತಲ್ಲೀ."

ಹೇಳಿದವಳು ನಾನೇ ಅಲ್ಲವಾ. ನನ್ನ ಬಾಯಿಯ ಮಾತನ್ನು ನಾನೇ ನಂಬಲಿಲ್ಲವಲ್ಲ. ತ್ರಿವೇಣಿಗೆ ಈ ಸಲ ಒಂದು ಪದವೂ ತಪ್ಪಲಿಲ್ಲ, ಎಲ್ಲ ತಿಳಿಯಿತು. ಬಿಳಿ ಬಟ್ಟೆ ತೊಟ್ಟವಳೊಬ್ಬಳು ಕನ್ನಡದಲ್ಲಿ ಖಂಡಿತವಾಗಿ ಹೇಳಿದಳೆಂದು, ಒಬ್ಬ ತಾಯಿ ತನ್ನ ನಾಲಿಗೆಯ ಮೇಲಿದ್ದ ನಿಜವನ್ನು ಹನ್ನೊಂದು ವರ್ಷ ಉಗುಳಿ ಹಾಕಿದ್ದಳು. ಪೋಲೆ ಎಂಬ ಪದ ಬಾಯಿಯವರೆಗೆ ಬಂತು, ನಾಚಿಕೆಯಿಂದ ನುಂಗಿಕೊಂಡಳು. ಆವಲಪ್ಪ ಗೋಡೆಯ ಕಡೆ ತಿರುಗಿ ನಿಂತಿದ್ದ, ಅವನ ಬೆನ್ನು ಅಲುಗುತ್ತಿತ್ತು. ತಾನು ಇನ್ನು ಹೋಗಬೇಕೇನೋ, ಇದು ಅವರಿಬ್ಬರ ಹೊತ್ತು ಎಂದು ತ್ರಿವೇಣಿ ಒಂದು ಹೆಜ್ಜೆ ಹಿಂದೆ ಸರಿದಳು.

ಮುದುಕಿ ಕೈಚಾಚಿ ಅವಳ ಸೆರಗನ್ನು ಹಿಡಿದಳು. ಆ ಹಿಡಿತದಲ್ಲಿ ಪ್ರೀತಿಯೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ, ಬಸ್ಸಿನಲ್ಲಿ ಕಂಬಿ ಹಿಡಿದ ಹಾಗೆ ಹಿಡಿದಿದ್ದಳು. ಇಂಕೊಕ ಸಾರಿ ಚೆಪ್ಪು ಎಂದಳು. ಇನ್ನೊಂದು ಸಲ ಹೇಳು. ತ್ರಿವೇಣಿ ಹೇಳಿದಳು, ಈ ಸಲ ತಾಗಲೇದು ಎಂದು ಸರಿಯಾಗಿ. ಎದುರು ಮನೆಯ ಹೆಂಗಸು ಬಾಗಿಲಿಗೆ ಬಂದು ನಿಂತಳು. ಮುದುಕಿ ಕಣ್ಣು ಮುಚ್ಚಿಕೊಂಡು ಕೇಳಿದಳು, ಮುಗಿದ ಮೇಲೂ ತೆರೆಯಲಿಲ್ಲ, ಸೆರಗನ್ನೂ ಬಿಡಲಿಲ್ಲ. ಮತ್ತೆ ಎಂದಳು. ತ್ರಿವೇಣಿ ದನಿ ಏರಿಸಿ ಮತ್ತೆ ಹೇಳಿದಳು.